ಸೆನ್ಸರ್ ಸಾರು

ಆ ದಿನದ ಎಲ್ಲ ತಾಪತ್ರಯಕ್ಕೂ ಕಾರಣ ಒಂದು ಮುಳ್ಳು. ಅಹಮದಾಬಾದಿನ ಅಂಚಿನ ಚಾಂದ್‌ಖೇಡಾದ ಹೊರಗೆ ಹೊಸ ಹೌಸಿಂಗ್ ಸೊಸೈಟಿಗೆಂದು ನೆಲ ಸಮ ಮಾಡುತ್ತಿದ್ದ ಹಳೆಯ ಬುಲ್ಡೋಜರ್ ಒಂದರ ಟೆಂಪರೇಚರ್ ಮೀಟರಿನ ಮುಳ್ಳು, ಬೆಳಿಗ್ಗೆ ಎಂಟು ಗಂಟೆಗೆ ಕೆಂಪು ಪಟ್ಟಿಗೆ ಹೋಗಿ ಕೂತಿತು. ಇಂಜಿನ್ ಕುದಿಯುತ್ತಿದೆ ಎಂದು ಅದರ ಅರ್ಥ. ಡ್ರೈವರ್ ಇಂಜಿನ್ ಆರಿಸಿ, ಇಳಿದು, ಬೇವಿನ ಮರದ ಕೆಳಗೆ ಟವೆಲ್ ಹಾಸಿಕೊಂಡು ಮಲಗಿದ. ಮಾಲೀಕ ಮಹೇಶ್‌ಭಾಯಿ ಸರ್ವಿಸ್ ಕಂಪನಿಗೆ ಫೋನ್ ಮಾಡಿದ. ಕಂಪನಿ ಭೀಮಸೇನ ದೇಸಾಯಿಯನ್ನು ಕಳಿಸಿತು.

ಹೆಸರು ಕೇಳಿ ಗದೆ ಹೊತ್ತವನನ್ನು ಎದುರುನೋಡಿದ್ದ ಮಹೇಶ್‌ಭಾಯಿಗೆ, ಸ್ಕೂಟರಿನಿಂದ ಇಳಿದ ಆಸಾಮಿಯನ್ನು ಕಂಡು ನಿರಾಸೆಯಾಯಿತು. ಭೀಮಸೇನನ ತೂಕದಲ್ಲಿ ಅರ್ಧ ಅವನ ಟೂಲ್ ಬ್ಯಾಗಿನದು. ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ಹಗಲು ದುಡಿದು ಸಂಜೆಯ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮುಗಿಸಿದವನು ಅವನು. ಸಂಜೆ ಕಲಿತ ವಿದ್ಯೆ ಹಗಲಿನಲ್ಲಿ ನಡೆಯುತ್ತದೆಯೋ ಇಲ್ಲವೋ ಎಂಬ ಅನುಮಾನ ಅವನನ್ನು ಇಂದಿಗೂ ಬಿಟ್ಟಿರಲಿಲ್ಲ. ಬೋಲ್ಟ್ ಬಿಗಿ ಮಾಡಿ ನಾಲ್ಕು ಹೆಜ್ಜೆ ಹೋಗುತ್ತಿದ್ದ. ಬಿಗಿಯಾಯಿತೋ ಇಲ್ಲವೋ ಎಂದು ಮರಳಿ ಬರುತ್ತಿದ್ದ. ಹೀಗೆ ಮರಳಿ ಮರಳಿ ಬಂದು ಒಂದು ಬೋಲ್ಟಿನ ತಲೆಯನ್ನೇ ಮುರಿದಿದ್ದ.

ಗುಜರಾತಿನಲ್ಲಿ ಅವನಿಗೆ ಹೆಚ್ಚು ತೊಂದರೆ ಕೊಟ್ಟದ್ದು ಅವನ ಅಡ್ಡಹೆಸರು. ದೇಸಾಯಿಗಳು ಧಾರವಾಡದ ಕಡೆಗೂ ಇದ್ದಾರೆ, ಸೂರತ್ತಿನ ಕಡೆಗೂ ಇದ್ದಾರೆ. ಎರಡು ವರ್ಷದ ಹಿಂದೆ ಸೂರತ್ತಿನ ಮುಖ್ಯ ಕಚೇರಿಯಲ್ಲಿ ಸಂದರ್ಶನಕ್ಕೆ ಹೋದಾಗ, ಇವನು ನಮ್ಮವನೇ ಎಂದು ತಿಳಿದ ಸಾಹೇಬರು ಎಲ್ಲ ಪ್ರಶ್ನೆಗಳನ್ನೂ ಗುಜರಾತಿಯಲ್ಲೇ ಕೇಳಿದ್ದರು. ಭೀಮಸೇನ ಹೆದರಿ ಎಲ್ಲದಕ್ಕೂ ಹೌದೆಂದು ತಲೆಯಾಡಿಸಿದ. ಕೆಲಸ ಸಿಕ್ಕಿತು. ಹೆಂಡತಿ ಕಮಲಾಕ್ಷಿಯನ್ನು ಬ್ಯಾಂಕಿನವರು ವಡೋದರಾಕ್ಕೆ ವರ್ಗ ಮಾಡಿದ್ದರಿಂದಲೇ ಅವನು ಗುಜರಾತಿಗೆ ಬಂದದ್ದು; ಕಂಪನಿ ಅವನನ್ನು ಅಹಮದಾಬಾದಿಗೆ ಹಾಕಿತು. ‘ಹೆಂಡತಿಯಿಂದ ದೂರ ಇರಲು ತಯಾರಿದ್ದೀಯಾ’ ಎಂದೂ ಸಾಹೇಬರು ಕೇಳಿರಬೇಕು, ಅದಕ್ಕೂ ತಾನು ತಲೆಯಾಡಿಸಿರಬೇಕು ಎಂದು ಅವನು ಲೆಕ್ಕ ಹಾಕಿದ್ದ.

ಇನ್ನೊಂದು ತೊಂದರೆ ಕೊಟ್ಟ ಶಬ್ದ ‘ಸಾರು’. ಗುಜರಾತಿಯಲ್ಲಿ ಹಾಗೆಂದರೆ ಒಳ್ಳೆಯದು, ಸರಿಯಾಗಿದೆ, ಆಗಲಿ. ಅಲ್ಲಿನ ಜನ ಮಾತು ಮುಗಿಸುವುದೇ ‘ಸಾರು, ಸಾರು’ ಎಂದು. ಮಣಿನಗರದ ಒಂಟಿ ಕೋಣೆಯಲ್ಲಿ ಬ್ರೆಡ್ಡು ತಿಂದು ದಿನ ತಳ್ಳುತ್ತಿದ್ದ ಭೀಮಸೇನನಿಗೆ ಮೊದಲ ತಿಂಗಳು ಯಾರ ಜತೆ ಫೋನಿನಲ್ಲಿ ಮಾತಾಡಿದರೂ ಕೊನೆಗೆ ಹಸಿವಾಗುತ್ತಿತ್ತು.

ಈ ಎರಡು ವರ್ಷಗಳಲ್ಲಿ ಅವನು ನಾಲ್ಕು ಅರ್ಜಿ ಬರೆದಿದ್ದ. ನಾಲ್ಕೂ ಒಂದೇ. ತನ್ನನ್ನು ವಡೋದರಾದ ವರ್ಕ್‌ಶಾಪಿಗೆ ವರ್ಗ ಮಾಡಬೇಕು ಎಂಬುದು ಮೊದಲ ಕೋರಿಕೆ. ಆದರೆ ಬರೀ ತನ್ನ ಅನುಕೂಲಕ್ಕೆ ಅರ್ಜಿ ಬರೆಯಲು ಅವನ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಕಂಪನಿಗೂ ಉಪಯೋಗವಾಗುವ ಎರಡನೇ ಕೋರಿಕೆಯೊಂದನ್ನು ಕೆಳಗೆ ಸೇರಿಸುತ್ತಿದ್ದ: ದೂರದಿಂದಲೇ ಗುರಿಯಿಟ್ಟು ಶಾಖ ಅಳೆಯುವ ಪಿಸ್ತೂಲಿನಂಥ ಥರ್ಮಾಮೀಟರ್ ಕಂಪನಿಯಲ್ಲಿ ಇರುವುದೇ ಒಂದು, ಅದೂ ವಡೋದರಾದಲ್ಲಿ ಪೆಟ್ಟಿಗೆಯೊಳಗೆ ಕೂತಿದೆ, ಅದನ್ನು ಅಹಮದಾಬಾದಿಗೂ ಕೊಡಬೇಕು.

ಅಂದು ಬೆಳಿಗ್ಗೆ ಸರ್ವಿಸ್ ಮ್ಯಾನೇಜರ್ ಹರಿಪ್ರಸಾದ ಅವನನ್ನು ಕರೆದು, ವಡೋದರಾದಲ್ಲಿ ಒಂದು ಜಾಗ ಖಾಲಿಯಾಗಿದೆ, ಹೆಸರನ್ನು ಸಂಜೆಯೊಳಗೆ ಸೂರತ್ತಿಗೆ ಫ್ಯಾಕ್ಸ್ ಮಾಡಬೇಕು ಎಂದ. ಚಾಂದ್‌ಖೇಡಾದ ಬುಲ್ಡೋಜರಿಗೆ ಏನಾಗಿದೆಯೆಂದು ನೀನೊಬ್ಬನೇ ಸರಿಯಾಗಿ ಪತ್ತೆಹಚ್ಚಿ ಹೇಳು, ನಿನ್ನ ಅರ್ಜಿಗೆ ಸಹಿ ಹಾಕುತ್ತೇನೆ ಎಂದೂ ಹೇಳಿದ.

ಆ ಸುದ್ದಿ ಕೇಳಿದಾಗಿನಿಂದ ಕಮಲಾಕ್ಷಿಗೂ ಸಮಾಧಾನವಿರಲಿಲ್ಲ. ಭೀಮಸೇನ ಯಂತ್ರದ ಬಳಿ ನಿಂತು ಬ್ಯಾಗ್ ತೆರೆಯುವಷ್ಟರಲ್ಲಿ ಅವಳ ಫೋನ್ ಬಂತು. ಅದು ಮೊಬೈಲಿಗೆ ಒಳಬರುವ ಕರೆ ಪುಕ್ಕಟೆಯಾದ ವರ್ಷ.

“ರೀ, ಎರಡು ಖೋಲಿ ಮನಿ ನೋಡೇನಿ. ಬಾಲ್ಕನಿನೂ ಅದ. ಮಾಲೀಕರು ಸಂಜಿ ಒಳಗ ಹೂಂ ಅನ್ರಿ ಇಲ್ಲಾ ಉಹೂಂ ಅನ್ರಿ ಅಂದಾರ. ಏನಂತ ಹೇಳ್ಲಿ?”

“ತಡಿ, ಇನ್ನಾ ಬಾನೆಟ್ಟ ತಗದಿಲ್ಲ,” ಎಂದ ಭೀಮಸೇನ.

ಸಂಜೆ ಕಾಲೇಜಿನ ನೋಟ್‌ಬುಕ್ಕಿನಲ್ಲಿ ಇದಕ್ಕೆ ಕ್ರಮವಿತ್ತು. ಮುಳ್ಳು ಕೆಂಪಿಗೆ ಹೋದರೆ, ಸುಳ್ಳು ಹೇಳುತ್ತಿರುವವರು ಯಾರು ಎಂದು ಒಬ್ಬೊಬ್ಬರನ್ನೇ ವಿಚಾರಿಸಬೇಕು. ಮೊದಲು ಮೀಟರು, ಆಮೇಲೆ ತಂತಿ, ಆಮೇಲೆ ಇಂಜಿನ್ನಿನ ತಲೆಯಲ್ಲಿ ಕೂತು ಶಾಖದ ಸುದ್ದಿ ಕಳಿಸುವ ಸೆನ್ಸರು. ಮೂರೂ ಸಾಚಾ ಎಂದಾದರೆ ಮಾತ್ರ ಇಂಜಿನ್ ನಿಜವಾಗಿ ಕುದಿಯುತ್ತಿದೆ ಎಂದು ನಂಬಬೇಕು. ಭೀಮಸೇನ ಇಂಜಿನ್ ಚಾಲೂ ಮಾಡಿಸಿದ. ಹತ್ತು ನಿಮಿಷಕ್ಕೆ ಮುಳ್ಳು ಕೆಂಪಿಗೆ ಏರಿತು. ರೇಡಿಯೇಟರ್ ಮುಟ್ಟಿ ನೋಡಿದರೆ ಹಸುಗೂಸಿನ ಸ್ನಾನದ ನೀರಿನಷ್ಟೇ ಬಿಸಿ. ಅವನ ಎದೆಯಲ್ಲಿ ಆಸೆ ಮೂಡಿತು. ಇದು ಸೆನ್ಸರಿನ ಸುಳ್ಳೇ ಇರಬೇಕು. ಬದಲಿಸಿದರೆ ಹತ್ತು ನಿಮಿಷದ ಕೆಲಸ, ಸಂಜೆಗೆ ಸಹಿ. ಆದರೆ ಆಸೆಯಾದ ಕೂಡಲೇ ಅನುಮಾನವೂ ಆಯಿತು. ಎಲ್ಲವನ್ನೂ ಕ್ರಮವಾಗಿಯೇ ನೋಡುವುದೆಂದು ಮೀಟರಿನ ಹಿಂದೆ ತಲೆ ತೂರಿಸಿದ.

ಅಲ್ಲಿ ಶಾವಿಗೆ ಚೆಲ್ಲಿದಂತೆ ತಂತಿಗಳು. ಸೆನ್ಸರಿನಿಂದ ಬರುವ ತಂತಿ ಯಾವ ಬಣ್ಣದ್ದು ಎಂದು ಮರದ ಕೆಳಗಿದ್ದ ಡ್ರೈವರನ್ನು ಕೇಳಿದ. ದೇಸಾಯಿ ಎಂದ ಮೇಲೆ ಗುಜರಾತಿ ಬರದೇ ಇರುತ್ತದೆಯೇ ಎಂದುಕೊಂಡ ಡ್ರೈವರ್ ಕಣ್ಣು ಮುಚ್ಚಿಕೊಂಡೇ “ಭೂರೋ” ಎಂದ.

ಭೀಮಸೇನನಿಗೆ ಹಿಂದಿ ಗೊತ್ತಿತ್ತು. ಹಿಂದಿಯಲ್ಲಿ ಭೂರಾ ಎಂದರೆ ಕಂದು. ಕಂದು ತಂತಿಯನ್ನು ಹುಡುಕಿ, ಕಳಚಿ, ಅದರ ತುದಿಯನ್ನು ಯಂತ್ರದ ಮೈಗೆ ಮುಟ್ಟಿಸಿದ. ಮೀಟರ್ ಸರಿಯಿದ್ದರೆ ಆಗ ಮುಳ್ಳು ಹಾರಬೇಕು. ಹಾರಿದ್ದು ಭೀಮಸೇನ. ಗುಜರಾತಿಯಲ್ಲಿ ಭೂರೋ ಎಂದರೆ ನೀಲಿ. ಕಂದು ತಂತಿ ಹಾರನ್ನಿನದು.

ಅದು ಕಲ್ಲು ಕ್ವಾರಿಯಲ್ಲಿ ಜನರನ್ನು ಚದುರಿಸಲೆಂದು ಹಾಕಿಸಿದ್ದ ಹಾರನ್ನು. ತಂತಿ ಬಿಟ್ಟರೂ ನಿಲ್ಲಲಿಲ್ಲ. ಹಳೆಯ ಯಂತ್ರ, ಒಳಗೆ ಏನೋ ಅಂಟಿಕೊಂಡು, ಕರು ಕಳೆದುಕೊಂಡ ಎಮ್ಮೆಯ ಹಾಗೆ ಒಂದೇ ಸಮನೆ ಅರಚಿತು. ಸುತ್ತಲಿನ ಮನೆಗಳ ಕಿಟಕಿಗಳು ತೆರೆದವು. ಎರಡು ಮೊಬೈಲುಗಳನ್ನು ಎರಡೂ ಕಿವಿಗೆ ಹಿಡಿದಿದ್ದ ಮಹೇಶ್‌ಭಾಯಿ ಓಡಿ ಬಂದ. ಭೀಮಸೇನ ಬ್ಯಾಟರಿಯ ನಟ್ಟು ಬಿಚ್ಚಿ ಸದ್ದಡಗಿಸುವಷ್ಟರಲ್ಲಿ, ಪಂಚೆ, ಬನಿಯನ್ನು ತೊಟ್ಟು ಕೈಯಲ್ಲಿ ಪೇಪರು ಹಿಡಿದ ಹಿರಿಯರೊಬ್ಬರು ಹಿಂದಿಯಲ್ಲಿ ಬೈಯುತ್ತ ಎದುರು ನಿಂತಿದ್ದರು.

“ಯಪ್ಪಾ, ಸಾಕಾತು,” ಎಂದು ಭೀಮಸೇನ ತನ್ನಷ್ಟಕ್ಕೆ ಗೊಣಗಿಕೊಂಡ.

ಹಿರಿಯರ ಮುಖ ಅರಳಿತು. “ಕನ್ನಡದವನೇನಯ್ಯಾ? ಮೊದಲೇ ಹೇಳಬಾರದಾ? ಇಷ್ಟೊತ್ತೂ ಹಿಂದೀಲಿ ಬೈದು ಬೈದು ಸುಸ್ತಾಯ್ತು.”

ಅವರು ಪಟ್ಟಾಭಿರಾಮಯ್ಯ. ಮೈಸೂರಿನವರು. ಎಣ್ಣೆ ಕಂಪನಿಯಿಂದ ನಿವೃತ್ತರಾಗಿ ಚಾಂದ್‌ಖೇಡಾದಲ್ಲೇ ಮನೆ ಕಟ್ಟಿಸಿಕೊಂಡಿದ್ದರು. ಮೂವತ್ತು ವರ್ಷ ಡ್ರಿಲ್ಲಿಂಗ್ ರಿಗ್ ನೋಡಿದವನು ನಾನು ಎಂದು ಹೇಳಿ, ಅಂದಿನ ಪೇಪರನ್ನು ಅಲ್ಲೇ ಬಿದ್ದಿದ್ದ ಒಂದು ಹಳೆಯ ಟೈರಿನ ಮೇಲಿಟ್ಟು, ಕೇಸನ್ನು ತಮ್ಮ ಕೈಗೆ ತೆಗೆದುಕೊಂಡರು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದರು. ಅದಲ್ಲವೆಂದು ಭೀಮಸೇನ ವಿವರಿಸಿದ ಮೇಲೆ ಪಿಸ್ಟನ್ ಎಂದರು. ಮಹೇಶ್‌ಭಾಯಿಯ ಮುಖ ಬಿಳಿಚಿಕೊಂಡಿತು. ಇಂಜಿನ್ ಬಿಚ್ಚುವುದಾದರೆ ಈಗಲೇ ಹೇಳು, ಬಿಚ್ಚದಿರುವುದಾದರೂ ಈಗಲೇ ಹೇಳು, ಸುಮ್ಮನೆ ನಿಲ್ಲಿಸಬೇಡ ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳತೊಡಗಿದ.

ಭೀಮಸೇನ ಹಾರನ್ನನ್ನು ಕಳಚಿ ಬ್ಯಾಟರಿ ಮತ್ತೆ ಜೋಡಿಸಿದ. ನೀಲಿ ತಂತಿ ಸಿಕ್ಕಿತು. ಅದನ್ನು ಮೈಗೆ ಮುಟ್ಟಿಸಿದಾಗ ಮುಳ್ಳು ಕೆಂಪಿಗೆ ಹಾರಿತು. ಸೆನ್ಸರಿನ ತುದಿಯಲ್ಲಿ ಕಳಚಿದಾಗ ತಣ್ಣಗೆ ಕೆಳಗಿಳಿಯಿತು. ಮೀಟರೂ ಸಾಚಾ, ತಂತಿಯೂ ಸಾಚಾ. ಇನ್ನುಳಿದದ್ದು ಸೆನ್ಸರು. ಇಂಜಿನ್ ಆರುವ ತನಕ ಕಾದು, ಹೆಬ್ಬೆರಳಿನಷ್ಟು ದಪ್ಪದ ಆ ಹಿತ್ತಾಳೆಯ ಗುಂಡನ್ನು ಬಿಚ್ಚಿ ತೆಗೆದು, ತೂತಿಗೆ ಬೋಲ್ಟ್ ತಿರುಗಿಸಿದ. ಅದನ್ನು ಕುದಿಯುವ ನೀರಿನಲ್ಲಿಟ್ಟು ಮಲ್ಟಿಮೀಟರಿನಲ್ಲಿ ಅಳೆದರೆ ಮುಗಿಯಿತು: ಪುಸ್ತಕದಲ್ಲಿರುವ ಅಂಕಿ ಬಂದರೆ ಸೆನ್ಸರ್ ಒಳ್ಳೆಯದು, ಇಂಜಿನ್ ಕೆಟ್ಟದ್ದು. ಬರದಿದ್ದರೆ ಸೆನ್ಸರ್ ಕೆಟ್ಟದ್ದು, ಭೀಮಸೇನ ವಡೋದರಾಕ್ಕೆ. ಆ ಪಿಸ್ತೂಲು ಥರ್ಮಾಮೀಟರ್ ಇದ್ದಿದ್ದರೆ ಇದೆಲ್ಲ ಒಂದು ನಿಮಿಷದ ಮಾತು.

ಕುದಿಯುವ ನೀರಿಗೆ ಎಲ್ಲಿ ಹೋಗುವುದು? ಪಕ್ಕದ ಚಹಾದ ತಳ್ಳುಗಾಡಿಯವನು ತನ್ನ ಪಾತ್ರೆಯಲ್ಲಿ ಹಾಲು ಬಿಟ್ಟು ಬೇರೇನೂ ಕುದಿಯುವುದಿಲ್ಲ ಎಂದ.

“ಐತಾಳರ ಹೋಟೆಲಿದೆಯಲ್ಲಯ್ಯಾ,” ಎಂದರು ಪಟ್ಟಾಭಿರಾಮಯ್ಯ. “ನಾನು ಹೇಳಿದರೆ ಇಲ್ಲ ಅನ್ನಲ್ಲ. ಹೇಗೂ ನನ್ನ ಊಟದ ಹೊತ್ತು.”

ಶಂಕರನಾರಾಯಣ ಐತಾಳರ ಉಡುಪಿ ಹೋಟೆಲು ಅರ್ಧ ಮೈಲಿ ದೂರದಲ್ಲಿ, ಹೈವೇಯ ಬದಿಗಿತ್ತು. ಇವರು ಹೋಗಿ ನಿಂತಾಗ ಹನ್ನೆರಡೂವರೆ. ಊಟದ ಜನ ಬಾಗಿಲ ತನಕ ನಿಂತಿದ್ದರು. ಐತಾಳರು ಸೆನ್ಸರನ್ನು ಮೂಗಿನ ಹತ್ತಿರ ಹಿಡಿದು ಕೂಡಲೇ ದೂರ ಮಾಡಿದರು.

“ಎಂತದ್ದು ಮಾರಾಯ್ರೆ ಇದು? ಇದನ್ನು ಅಡಿಗೆಮನೆಗೆ ತರ್ಲಿಕ್ಕಿಲ್ಲ.”

ಪಟ್ಟಾಭಿರಾಮಯ್ಯ ರಿಗ್ಗಿನ ಮೂವತ್ತು ವರ್ಷಗಳನ್ನು ಶುರು ಮಾಡಿದರು. ಐತಾಳರು ಭೀಮಸೇನನ ಕಡೆಗೆ ಬಾಗಿ ತಗ್ಗಿದ ದನಿಯಲ್ಲಿ, “ಇವರು ಸ್ಟೇಷನರಿ ಸೆಕ್ಷನ್ ಮಾರಾಯ್ರೆ. ರಿಗ್ಗು ನೋಡಿದ್ದು ಕ್ಯಾಲೆಂಡರಲ್ಲಿ,” ಎಂದರು. ಆದರೂ ಭೀಮಸೇನನ ಮುಖ ನೋಡಿ ಅವರ ಮನಸ್ಸು ಕರಗಿತು. ಅಂದು ಬೆಳಗಿನಿಂದ ಅವನ ಮುಖ ನೋಡಿದ ಯಾರಿಗಾದರೂ ಕರಗುವಂತಿತ್ತು. ಒಂದು ಹಳೆಯ ಪಾತ್ರೆ, ಮೂಲೆಯ ಒಂದು ಒಲೆ, ಐದೇ ಐದು ನಿಮಿಷ ಎಂದು ಒಪ್ಪಿಕೊಂಡರು. ಭೀಮಸೇನ ಸೆನ್ಸರನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸೋಪು ಹಾಕಿ ತಿಕ್ಕಿ, ಮತ್ತೊಮ್ಮೆ ಸೋಪು ಹಾಕಿ ತೊಳೆದ. ಅದು ದೇವರ ಮುಂದಿನ ಗಂಟೆಯ ಹಾಗೆ ಹೊಳೆಯಿತು.

ಒಲೆಯ ಮುಂದಿದ್ದವನು ಕೇಶವ. ಹನ್ನೊಂದು ವರ್ಷದಿಂದ ಅಹಮದಾಬಾದಿನಲ್ಲಿದ್ದರೂ ಅವನಿಗೆ ಗುಜರಾತಿ ಬರುತ್ತಿರಲಿಲ್ಲ. ಕನ್ನಡವನ್ನೂ ಅವನು ಒಗ್ಗರಣೆಯ ಇಂಗಿನ ಹಾಗೆ ಚಿಟಿಕೆಯಷ್ಟೇ ಬಳಸುತ್ತಿದ್ದ. ಬಲಗಡೆ ಹಂಡೆಯಂಥ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು. ಎಡಗಡೆಯ ಮೂಲೆಯಲ್ಲಿ ಭೀಮಸೇನ ತನ್ನ ನೀರಿಟ್ಟು, ಸೆನ್ಸರಿಗೆ ದಾರ ಕಟ್ಟಿ ಇಳಿಬಿಟ್ಟ. ಅಡಿಗೆಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಬರುವ ಜಾಗ ಕಿಟಕಿಯ ಕಟ್ಟೆಯೊಂದೇ, ಫೋನನ್ನು ಅಲ್ಲಿಟ್ಟ. ನೀರು ಕುದಿಯತೊಡಗಿತು. ಮಲ್ಟಿಮೀಟರ್ ಕೈಗೆತ್ತಿಕೊಂಡ. ಕುದಿಯುವ ನೀರಿನಲ್ಲಿ ನೂರಾ ಎಂಬತ್ತು ಓಮ್ ಬರಬೇಕು.

ನೂರಾ ಎಂಬತ್ತೋ, ಎಂಟುನೂರಾ ಹತ್ತೋ?

ಬೇರೆ ಯಾರಾದರೂ ಆಗಿದ್ದರೆ ಅಳೆದು ನೋಡಿ, ಆಮೇಲೆ ಪುಸ್ತಕ ನೋಡುತ್ತಿದ್ದರು. ಭೀಮಸೇನನಿಗೆ ಮೊದಲು ಪುಸ್ತಕ ನೋಡದೆ ಕೈ ಮುಂದಕ್ಕೆ ಹೋಗಲಿಲ್ಲ. ಅದನ್ನು ಮುಟ್ಟಬೇಡ ಎಂದು ಕೇಶವನಿಗೆ ಹೇಳಿ, ಸ್ಕೂಟರಿನ ಡಿಕ್ಕಿಯಲ್ಲಿದ್ದ ನೋಟ್‌ಬುಕ್ ತರಲು ಹೋದ. ನೂರಾ ಎಂಬತ್ತೇ ಸರಿ ಎಂದು ಮೂರು ಸಲ ಓದಿಕೊಂಡ. ಮರಳಿ ಬರುವಾಗ ಊಟಕ್ಕೆ ಕೂತಿದ್ದ ಪಟ್ಟಾಭಿರಾಮಯ್ಯ ಅವನ ಅಂಗಿ ಹಿಡಿದು ನಿಲ್ಲಿಸಿ, ಸೆನ್ಸರನ್ನು ಹೇಗೆ ಅಳೆಯಬೇಕೆಂದು ಹೇಳಿಕೊಟ್ಟರು.

ಒಳಗೆ ಬಂದು ನೋಡಿದರೆ ಮೂಲೆಯ ಒಲೆ ಆರಿತ್ತು. ಪಾತ್ರೆ ಬೋರಲಾಗಿತ್ತು.

“ಕೇಶವಾ, ಇಲ್ಲಿ ನೀರಿನ ಪಾತ್ರಿ ಇತ್ತಲ್ಲೋ. ಎಲ್ಲಿ ಹೋತು?”

ಕೇಶವ ಸೌಟಿನಿಂದ ಬಲಗಡೆಯ ಹಂಡೆಯನ್ನು ತೋರಿಸಿದ. “ಜನ ಜಾಸ್ತಿ,” ಎಂದ. ಸ್ವಲ್ಪ ತಡೆದು, “ಬಿಸಿನೀರು ಬೇಕಿತ್ತು,” ಎಂದ.

ಅರ್ಥವಾಗಲು ಭೀಮಸೇನನಿಗೆ ಒಂದು ಕ್ಷಣ ಬೇಕಾಯಿತು. ಅಷ್ಟರಲ್ಲಿ ಹೊರಗಿನಿಂದ ಪಟ್ಟಾಭಿರಾಮ‌ಯ್ಯನವರ ದನಿ ಬಂತು.

“ಐತಾಳ್ರೇ, ಸಾರಿನಲ್ಲಿ ಟೊಮೇಟೊ ಹಾಕೋದು ಗೊತ್ತು. ಇದ್ಯಾವ ತರಕಾರಿ?”

ಅವರ ಬಟ್ಟಲಿನಲ್ಲಿ, ಕೊತ್ತಂಬರಿ ಸೊಪ್ಪಿನ ನಡುವೆ, ದಾರದ ಸಮೇತ ಸೆನ್ಸರು ಮಲಗಿತ್ತು.

ಪುಣ್ಯಕ್ಕೆ ಆ ಪಾತ್ರೆಯ ಸಾರು ಬಡಿಸಿದ್ದು ಅದೊಂದೇ ಬಟ್ಟಲಿಗೆ, ಅವರೂ ಬಾಯಿಗಿಟ್ಟಿರಲಿಲ್ಲ. ಹಂಡೆಯಷ್ಟು ಸಾರನ್ನು ಐತಾಳರು ಮೋರಿಗೆ ಸುರಿಸಿದರು. ಬೈಯಲಿಲ್ಲ. ಒಂದು ಬುಟ್ಟಿ ಹುಣಸೆಹಣ್ಣನ್ನು ಭೀಮಸೇನನ ಮುಂದಿಟ್ಟು, ಹೊಸ ಸಾರು ಆಗುವ ತನಕ ನೀವು ಎಲ್ಲಿಗೂ ಹೋಗ್ಲಿಕ್ಕಿಲ್ಲ, ಕಿವುಚಿ ಎಂದರು. ತಪ್ಪು ತನ್ನದೇ ಎಂದು ಅವನ ಮನಸ್ಸೂ ಹೇಳುತ್ತಿತ್ತು, ಕೂತು ಕಿವುಚಿದ. ಪಟ್ಟಾಭಿರಾಮಯ್ಯ ಇನ್ನೊಂದು ಬಟ್ಟಲು ಬರುವ ತನಕ ಅನ್ನ ಮುಟ್ಟುವುದಿಲ್ಲವೆಂದು ಕೂತರು.

ಒಂದೂವರೆ ಗಂಟೆ ಕಳೆದು, ಒಗ್ಗರಣೆ ಚಟಪಟಗುಟ್ಟಿದ ಮೇಲೆ, ಕೇಶವನಿಗೆ ಏನೋ ನೆನಪಾಯಿತು.

“ಫೋನು ಬಂದಿತ್ತು,” ಎಂದ.

“ಯಾರ್ದು?”

“ಗುಜರಾತಿ. ಎಂತೆಂತದೋ ಹೇಳಿದ. ಸೆನ್ಸರ್, ಸೆನ್ಸರ್ ಅಂದ.”

“ನೀ ಏನಂದಿ?”

“ಇದ್ದದ್ದು ಹೇಳಿದೆ. ಅಷ್ಟೊತ್ತಿಗೆ ಅದು ಬಿದ್ದದ್ದು ಕಂಡಿತ್ತು.” ಕೇಶವ ಸೌಟನ್ನು ಹಂಡೆಯೊಳಗೆ ಅದ್ದಿದ. “ಸಾರು ಅಂದೆ.”

ಭೀಮಸೇನನ ಕೈಯಿಂದ ಹುಣಸೆ ರಸ ಮೊಣಕೈ ತನಕ ಇಳಿಯಿತು. “ಅವ ಏನಂದ?”

“ಸಾರು? ಅಂತ ಕೇಳಿದ. ಹೌದು, ಸಾರು ಅಂದೆ. ಸಾರು, ಸಾರು ಅಂತ ಅವನೂ ಹೇಳಿ ಇಟ್ಟ. ಕನ್ನಡ ಬರ್ತದೆ ಅವನಿಗೆ.”

ಸೆನ್ಸರ್ ಒಳ್ಳೆಯದು. ಹಾಗಾದರೆ ಇಂಜಿನ್ ಕೆಟ್ಟಿದೆ. ಮಹೇಶ್‌ಭಾಯಿ ಈಗ ಏನು ಮಾಡುತ್ತಿರಬಹುದೆಂದು ಊಹಿಸಿ ಭೀಮಸೇನ ಕೈಯನ್ನೂ ತೊಳೆಯದೆ ಕಿಟಕಿಯ ಫೋನಿನತ್ತ ಓಡಿದ. ಅವನ ಎರಡೂ ನಂಬರಿಗೆ ಫೋನ್ ಮಾಡಿದ, ಎರಡೂ ಎಂಗೇಜ್. ಹರಿಪ್ರಸಾದನ ನಂಬರಿಗೆ ಮಾಡಿದರೆ, ಸಾಹೇಬರು ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆದುಕೊಂಡು ಚಾಂದ್‌ಖೇಡಾಕ್ಕೆ ಹೋದರು ಎಂದು ಆಫೀಸಿನವರು ಹೇಳಿದರು. ಭೀಮಸೇನ ಸೆನ್ಸರಿಗೆ ಮಲ್ಟಿಮೀಟರ್ ಹಚ್ಚಿ ನೋಡಿದ. ಅಂಕಿ ನಿಲ್ಲಲೇ ಇಲ್ಲ. ಇನ್ನೂರು, ಒಂಬೈನೂರು, ಮೂವತ್ತು ಎಂದು ಕುಣಿಯಿತು. ನೋಡಿದೆಯಾ, ಕೆಟ್ಟಿದೆ, ನಾನು ಮೊದಲೇ ಅಂದುಕೊಂಡಿದ್ದೆ ಎಂದು ಕೇಶವನಿಗೆ ಹೇಳಿದ. ತಾನು ಅಳೆಯುತ್ತಿರುವುದು ಸೆನ್ಸರನ್ನೋ ಅದಕ್ಕೆ ಮೆತ್ತಿದ ಉಪ್ಪುಹುಳಿಯನ್ನೋ ಎಂಬ ಅನುಮಾನ, ಜೀವಮಾನದಲ್ಲಿ ಮೊದಲ ಸಲ, ಅವನಿಗೆ ಬರಲಿಲ್ಲ. ಸ್ಕೂಟರ್ ಏರಿ ಹೊರಟ. ಹುಣಸೆ ಕೈಗೆ ಹ್ಯಾಂಡಲ್ ಜಾರುತ್ತಿತ್ತು. ದಾರಿಯಲ್ಲಿ ಜೇಬಿನ ಫೋನು ಎರಡು ಸಲ ಬಡಿದುಕೊಂಡಿತು. ಕಮಲಾಕ್ಷಿಯೇ ಇರಬೇಕು. ಬಾಲ್ಕನಿಯಿರುವ ಮನೆ ಕಣ್ಣ ಮುಂದೆ ಬಂದು ಹೋಯಿತು.

ಬುಲ್ಡೋಜರಿನ ಸುತ್ತ ಜನ. ಇಂಜಿನ್ನಿನ ಮುಂಭಾಗ ಬಿಚ್ಚಿ ನೆಲದ ಮೇಲೆ ಹರಡಿತ್ತು. ಭೀಮಸೇನ ಸೆನ್ಸರನ್ನು ಎತ್ತಿ ಹಿಡಿದು, ಬಿಚ್ಚಬೇಡಿ, ಇದು ಕೆಟ್ಟಿದೆ ಎಂದು ಹಿಂದಿಯಲ್ಲಿ ಕೂಗುತ್ತ ಓಡಿದ. ಅವನ ಕೂಗು ಯಾರಿಗೂ ಕೇಳಲಿಲ್ಲ. ಮಹೇಶ್‌ಭಾಯಿ ಅವನನ್ನು ತಬ್ಬಿಕೊಂಡು ನೆಲದಿಂದ ಎತ್ತಿದ್ದ.

ಹರಿಪ್ರಸಾದನ ಕೈಯಲ್ಲಿ ವಾಟರ್ ಪಂಪಿನ ಒಳಗಿನ ಚಕ್ರವಿತ್ತು. ಅದರ ರೆಕ್ಕೆಗಳೆಲ್ಲ ತುಕ್ಕು ತಿಂದು ಸವೆದು, ಮುದುಕನ ವಸಡಿನಂತೆ ಬೋಳಾಗಿದ್ದವು. ಪಂಪು ಹೊರಗಿನಿಂದ ತಿರುಗುತ್ತಿತ್ತು, ಒಳಗೆ ನೀರು ಮಾತ್ರ ಕದಲುತ್ತಿರಲಿಲ್ಲ. ಅದಕ್ಕೇ ಇಂಜಿನ್ನಿನ ತಲೆ ಕುದಿಯುತ್ತಿದ್ದರೂ ರೇಡಿಯೇಟರ್ ತಣ್ಣಗಿತ್ತು. ಮುಳ್ಳು ಬೆಳಗಿನಿಂದ ನಿಜವನ್ನೇ ಹೇಳುತ್ತಿತ್ತು. ಬೇರೆ ಯಾವ ಮೆಕ್ಯಾನಿಕ್ ಆಗಿದ್ದರೂ ರೇಡಿಯೇಟರ್ ಮುಟ್ಟಿ ನೋಡಿ, ಸೆನ್ಸರ್ ಕೆಟ್ಟಿದೆಯೆಂದು ಹೊಸದು ಹಾಕಿ ಹೋಗುತ್ತಿದ್ದ, ಮಧ್ಯಾಹ್ನದೊಳಗೆ ಇಂಜಿನ್ ಕಾದು ಬಿಗಿದು ನಿಂತೇಬಿಡುತ್ತಿತ್ತು ಎಂದು ಹರಿಪ್ರಸಾದ ಸುತ್ತಲಿನವರಿಗೆ ವಿವರಿಸಿದ. ಸೆನ್ಸರ್ ಒಳ್ಳೆಯದು ಎಂದು ಧೈರ್ಯವಾಗಿ ಹೇಳಿದವನು ಇವನೊಬ್ಬನೇ ಎಂದ.

ಭೀಮಸೇನ ಎತ್ತಿದ ಕೈಯನ್ನು ಇಳಿಸಿದ. ಸುಮ್ಮನಿರಬಹುದಿತ್ತು. ಆದರೆ ಅವನ ಒಳಗಿನ ಇನ್ನೊಬ್ಬ ಭೀಮಸೇನ, ಬೋಲ್ಟ್ ನೋಡಲು ಮರಳಿ ಬರುವವನು, ಬಿಡಲಿಲ್ಲ.

“ಸರ್, ನಾನು ಹೇಳಿದ್ದಲ್ಲ ಅದು,” ಎಂದ ಹಿಂದಿಯಲ್ಲಿ. “ಅದು ರಸಂ.”

ಹರಿಪ್ರಸಾದ ಅವನ ಹುಣಸೆ ಮೆತ್ತಿದ ಕೈಗಳನ್ನೂ, ಅಂಗಿಯ ಮೇಲಿನ ಕೊತ್ತಂಬರಿಯನ್ನೂ ನೋಡಿದ. ಪಾಪ, ಊಟ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದಾನೆ ಎಂದು ಮಹೇಶ್‌ಭಾಯಿಗೆ ಹೇಳಿದ. ಭೀಮಸೇನನ ಭುಜ ತಟ್ಟಿ, ಹೋಗಿ ನಿನ್ನ ರಸಂ ಹೊಟ್ಟೆ ತುಂಬ ತಿನ್ನು ಎಂದ. ಅರ್ಜಿಯ ವಿಷಯ ನೆನಪಿದೆ. ಪಂಪು ಕಂಡ ಕೂಡಲೇ ಫೋನಿನಲ್ಲೇ ಮಂಜೂರು ಮಾಡಿಸಿದ್ದೇನೆ. ಟ್ರಾನ್ಸ್‌ಫರ್ ಆರ್ಡರ್ ಆಗಿದೆ, ವಡೋದರಾದವರ ಜತೆ ಮಾತಾಡಿದ್ದೇನೆ, ಕಾಗದ ಸಂಜೆಯೊಳಗೆ ನಿನ್ನ ಹೆಂಡತಿಯ ಮನೆಗೇ ತಲುಪುತ್ತದೆ ಎಂದ.

ಆ ಮಾತು ಕೇಳಿ ಭೀಮಸೇನ ಪಂಪು ಬದಲಿಸುವ ಕೆಲಸದಲ್ಲಿ ಮೂರು ಜನರ ಕೆಲಸ ಮಾಡಿದ. ಬಿಗಿ ಮಾಡಿದ ಬೋಲ್ಟುಗಳನ್ನು ಒಂದೇ ಸಲ ನೋಡಿದ. ಐದೂವರೆಗೆ ಬುಲ್ಡೋಜರ್ ಚಾಲೂ ಆಯಿತು. ಸೆನ್ಸರನ್ನು ತೊಳೆದು ಅದೇ ಜಾಗಕ್ಕೆ ಹಾಕಿದರೆ ಮುಳ್ಳು ಹಸಿರಿನ ನಡುವೆ ನಿಂತಿತು. ಪಟ್ಟಾಭಿರಾಮಯ್ಯ ಬಂದು ನೋಡಿ, ಪಂಪು ಅಂತ ನಾನು ಹೇಳಲಿಲ್ಲವಾ ಎಂದರು. ಹೌದೆಂದು ಭೀಮಸೇನ ಒಪ್ಪಿಕೊಂಡ. ಅಂದು ಅವನು ಯಾರಿಗೆ ಏನು ಬೇಕಾದರೂ ಬಿಟ್ಟುಕೊಡಲು ತಯಾರಿದ್ದ.

ಐತಾಳರಿಗೆ ಥ್ಯಾಂಕ್ಸ್ ಹೇಳಿ, ಬೆಳಗಿನಿಂದ ಬಾರದ ಹಸಿವನ್ನು ತೀರಿಸಿಕೊಳ್ಳೋಣವೆಂದು ಹೋಟೆಲಿಗೆ ಹೋದ. ಅನ್ನದ ಎದುರು ಕೂತಾಗ ಕಮಲಾಕ್ಷಿಯ ಫೋನ್ ಬಂತು.

“ರೀ, ಬಂತ್ರೀ. ನಿಮ್ಮ ಆಫೀಸಿನವರು ಮನಿಗೇ ಬಂದು ಟ್ರಾನ್ಸ್‌ಫರ್ ಕಾಗದಕ್ಕ ನನ್ನ ಸಹಿ ತಗೊಂಡು ಹೋದ್ರು. ನಾ ಮನಿ ಮಾಲೀಕರಿಗೆ ಹೂಂ ಅಂದೂಬಿಟ್ಟೆ.”

“ಛಲೋ ಮಾಡ್ದಿ,” ಎಂದ ಭೀಮಸೇನ.

“ಒಂದು ಡಬ್ಬಿನೂ ಕೊಟ್ಟಾರ. ನೀವು ಶನಿವಾರ ಬಂದಾಗ ತಗೊಂಡು ಹೋಗ್ಬೇಕಂತ.”

“ಎಲ್ಲಿಗೆ ತಗೊಂಡು ಹೋಗ್ಬೇಕು?”

“ಯಾರಿಗೆ ಗೊತ್ತು. ತಗದು ನೋಡಿದ್ರ ಒಳಗ ಪಿಸ್ತೂಲಿನಗತೆ ಅದ. ಹಾಲಿನ ಕಡೆ ಹಿಡದೆ. ತೊಂಬತ್ತಾರು ಅಂತ ತೋರಿಸ್ತು.”

ಭೀಮಸೇನ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ. “ಕಮಲೀ, ಆ ಕಾಗದ ಒಂಚೂರು ಓದು.”

ಅತ್ತಲಿಂದ ಕಾಗದದ ಸದ್ದು ಬಂತು. ಕಮಲಾಕ್ಷಿ ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡುತ್ತ ನಿಧಾನವಾಗಿ ಓದಿದಳು. ಅರ್ಜಿಯ ಎರಡನೇ ಕೋರಿಕೆ ಮಂಜೂರಾಗಿದೆ. ಥರ್ಮಾಮೀಟರ್ ಒಂದು, ವಡೋದರಾದಿಂದ ಅಹಮದಾಬಾದಿಗೆ ಟ್ರಾನ್ಸ್‌ಫರ್. ಉಸ್ತುವಾರಿ, ಶ್ರೀ ಬಿ. ದೇಸಾಯಿ. ಇಂಥ ಪರಿಣತರನ್ನು ಬಿಟ್ಟುಕೊಡಲು ಸಾಧ್ಯವಿಲ್ಲದ ಕಾರಣ, ಮುಂದಿನ ಮೂರು ವರ್ಷ ಇವರನ್ನು ಅಹಮದಾಬಾದಿನಿಂದ ಕದಲಿಸಬಾರದು.

ಓದುತ್ತ ಓದುತ್ತ ಅವಳ ದನಿ ಇಳಿಯಿತು. ಕೊನೆಗೆ, “ರೀ, ಈ ಮನಿಗೆ ಬಾಲ್ಕನಿ ಅದ ಅಂತ ಹೇಳಿದ್ನಲ್ಲ,” ಎಂದಳು. ಅಷ್ಟರಲ್ಲಿ ಫೋನಿನ ಬ್ಯಾಟರಿ ಮುಗಿದುಹೋಯಿತು.

ಭೀಮಸೇನ ಕತ್ತಲಾದ ಮೊಬೈಲನ್ನೇ ನೋಡುತ್ತ ಕೂತಿದ್ದಾಗ ಪಕ್ಕದಲ್ಲಿ ಸೌಟು ಹಿಡಿದು ಕೇಶವ ನಿಂತಿದ್ದ.

“ಸಾರು?” ಎಂದು ಕೇಳಿದ.

ಯಾವ ಭಾಷೆಯಲ್ಲಿ ಕೇಳಿದನೋ ಭೀಮಸೇನನಿಗೆ ತಿಳಿಯಲಿಲ್ಲ.

“ಇಲ್ಲಪಾ,” ಎಂದ.

ಕೇಶವ ಬಗ್ಗಿ ಬಟ್ಟಲನ್ನು ನೋಡಿದ. ನಿಜ, ಇರಲಿಲ್ಲ. ಎರಡು ಸೌಟು ಬಡಿಸಿ ಮುಂದೆ ಹೋದ.